ಆಫ್ರಿಕಾದ ಹಳ್ಳಿಯಿಂದ ಬಂದವರಿಗೆ ಜ್ವರ, ಮಲೇರಿಯಾ ನೆಗೆಟಿವ್: ಮುಂದೇನು ಮಾಡಬೇಕು?

ಡೊಂಬಿವಲಿಯ ನಮ್ಮ ಓಣಿಯಲ್ಲಿ ಕನ್ನಡದ ಮನೆಗಳು ಬಹಳ. ಆ ಮನೆಗಳ ಹುಡುಗರು ಮೊದಲೆಲ್ಲ ಮಸ್ಕತ್, ದುಬೈ ಎನ್ನುತ್ತಿದ್ದರು. ಈಚೆಗೆ ಟಾಂಜಾನಿಯಾ, ಜಾಂಬಿಯಾ, ಸೆನೆಗಲ್ ಎಂಬ ಹೆಸರುಗಳೂ ಕೇಳಿಬರುತ್ತಿವೆ. ಬೋರ್‌ವೆಲ್ ಕೊರೆಯುವುದು, ಮೊಬೈಲ್ ಟವರ್ ನಿಲ್ಲಿಸುವುದು, ಸೌರ ಪಂಪು ಕೂರಿಸುವುದು, ರಸ್ತೆಗೆ ಅಳತೆ ಹಿಡಿಯುವುದು ಇಂಥ ಕೆಲಸಗಳು. ಕಚೇರಿ ಪಟ್ಟಣದಲ್ಲಿದ್ದರೂ ಕೆಲಸವೆಲ್ಲ ಹಳ್ಳಿಯಲ್ಲಿ. ರಜೆಗೆ ಬಂದವರಲ್ಲಿ ಒಬ್ಬೊಬ್ಬರಿಗೆ ಬಂದ ವಾರದೊಳಗೇ ಜ್ವರ ಹಿಡಿಯುತ್ತದೆ. ನಾನು ಮುಂಬಯಿಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ರಕ್ತದ ಸ್ಲೈಡ್ ನೋಡುವವಳು. ಹಾಗಾಗಿ ಅವರ ಮನೆಯವರು ನನಗೆ ಫೋನು ಮಾಡುತ್ತಾರೆ. ಮಾತು ಬಹುಮಟ್ಟಿಗೆ ಒಂದೇ: "ಅಕ್ಕ, ಮಲೇರಿಯಾ ಇಲ್ಲವೆಂದು ರಿಪೋರ್ಟ್ ಬಂತು. ಇನ್ನು ಹೆದರಬೇಕಾಗಿಲ್ಲವಲ್ಲ?"

ಮಲೇರಿಯಾ ಇಲ್ಲ ಎಂದರೆ ಕಾಯಿಲೆಯೇ ಇಲ್ಲ ಎಂದು ಅರ್ಥವಲ್ಲ. ಸಹಾರಾದ ಕೆಳಗಿನ ಆಫ್ರಿಕಾದಿಂದ ಬಂದ ಪ್ರಯಾಣಿಕರ ಜ್ವರಗಳಲ್ಲಿ ಮಲೇರಿಯಾದ ನಂತರ ಮುಂಚೂಣಿಯಲ್ಲಿ ಬರುವುದು ಉಣ್ಣಿ ಕಚ್ಚಿ ಬರುವ ಜ್ವರ. ದನಕರುಗಳ ಮೈಗೆ, ನಾಯಿಯ ಕಿವಿಗೆ ಅಂಟಿಕೊಳ್ಳುವ ಅದೇ ಉಣ್ಣಿ. ಮಲೆನಾಡಿನವರು ಉಣುಗು ಎನ್ನುತ್ತಾರೆ. ಅದು ಹರಡುವ ಬ್ಯಾಕ್ಟೀರಿಯಾ ಜ್ವರಗಳಿಗೆ ಅಗ್ಗದ ಔಷಧವಿದೆ, ಅದು ಮುಂಬಯಿಯ ಯಾವ ಔಷಧ ಅಂಗಡಿಯಲ್ಲೂ ಸಿಗುತ್ತದೆ. ಕೊರತೆ ಇರುವುದು ಉಣ್ಣಿಯನ್ನು ನೆನಪಿಗೆ ತಂದುಕೊಳ್ಳುವವರದು. ಆ ಕೆಲಸವನ್ನು ಮನೆಯವರೇ ಹೇಗೆ ಮಾಡಬಹುದೆಂದು ಇಲ್ಲಿ ಬರೆಯುತ್ತೇನೆ.

ಮೊದಲು ಮಲೇರಿಯಾ, ಒಂದೇ ಸಲಕ್ಕೆ ಬಿಡಬೇಡಿ

ಉಣ್ಣಿಯ ಮಾತು ಹೇಳುತ್ತಿದ್ದೇನೆಂದು ಮಲೇರಿಯಾವನ್ನು ಹಿಂದಕ್ಕೆ ತಳ್ಳಬೇಡಿ. ಆಫ್ರಿಕಾದಿಂದ ಬಂದವರ ಯಾವ ಜ್ವರವನ್ನಾದರೂ ಮಲೇರಿಯಾ ಅಲ್ಲವೆಂದು ಖಚಿತವಾಗುವ ತನಕ ಮಲೇರಿಯಾ ಎಂದೇ ತಿಳಿಯಬೇಕು. ಅಲ್ಲಿನ ಫಾಲ್ಸಿಪಾರಮ್ ಮಲೇರಿಯಾ ಒಂದೆರಡು ದಿನಗಳಲ್ಲೇ ಜೀವಕ್ಕೆ ಕುತ್ತು ತರಬಲ್ಲದು. ಜ್ವರ ಬಂದ ದಿನವೇ ರಕ್ತ ಕೊಡಿ. ನೆಗೆಟಿವ್ ಬಂದರೆ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಬಿಟ್ಟು ಮತ್ತೆ ಕೊಡಿ, ಮೂರನೆಯ ಸಲವೂ ಕೊಡಿ. "ನಿನ್ನೆ ತಾನೇ ಮಾಡಿಸಿದೆವಲ್ಲ" ಎಂದು ಹಣದ ಲೆಕ್ಕ ಹಾಕುವ ಜಾಗ ಇದಲ್ಲ.

ಪರೀಕ್ಷೆಗೆ ಹೋದಾಗ ಇನ್ನೊಂದು ಮಾತು ಕೇಳಿಕೊಳ್ಳಿ. ಪಟ್ಟಿಯ ಮೇಲೆ ಒಂದು ಹನಿ ರಕ್ತ ಹಾಕಿ ಕಾಲು ಗಂಟೆಯಲ್ಲಿ ಗೆರೆ ನೋಡುವ ರ‍್ಯಾಪಿಡ್ ಪರೀಕ್ಷೆ ಮಾಡಿದ್ದಾರೋ, ಸ್ಲೈಡ್ ಮಾಡಿ ಕಣ್ಣಿನಿಂದ ನೋಡಿದ್ದಾರೋ? ಪಟ್ಟಿಗೆ ಮಲೇರಿಯಾ ಒಂದೇ ಗೊತ್ತು, ಬೇರೆ ಏನಿದ್ದರೂ ಅದು ಸುಮ್ಮನಿರುತ್ತದೆ. ರಕ್ತಕಣ ಎಣಿಸುವ ಯಂತ್ರವೂ ಹಾಗೆಯೇ. ಸ್ಲೈಡ್ ನೋಡುವ ಮನುಷ್ಯನಿಗೆ ಮಾತ್ರ ಹುಡುಕದೇ ಇದ್ದದ್ದೂ ಕಾಣಬಹುದು. ಎರಡೂ ಮಾಡಿಸಿ. ಸ್ಲೈಡಿನ ಮೇಲೆ ರಕ್ತದ ಹನಿಯನ್ನು ದಪ್ಪಗೆ ಬಿಟ್ಟ ದಪ್ಪ ಸ್ಮಿಯರ್, ತೆಳುವಾಗಿ ಸವರಿದ ತೆಳು ಸ್ಮಿಯರ್ ಎರಡನ್ನೂ ನೋಡಲು ಹೇಳಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂಬುದು ಮುಂದೆ ತಿಳಿಯುತ್ತದೆ.

ಎಲ್ಲಿ ನಡೆದೆ, ಎಲ್ಲಿ ಮಲಗಿದೆ

ಜ್ವರದಲ್ಲಿ ಮಲಗಿದವನನ್ನು ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಹಗಲು ಎಲ್ಲಿ ನಡೆದಾಡಿದೆ? ರಾತ್ರಿ ಎಲ್ಲಿ ಮಲಗಿದೆ? "ಉಣ್ಣಿ ಕಚ್ಚಿತ್ತೇ?" ಎಂದು ನೇರವಾಗಿ ಕೇಳಿದರೆ ಬಹಳಷ್ಟು ಮಂದಿ ಇಲ್ಲವೆನ್ನುತ್ತಾರೆ. ಸುಳ್ಳು ಹೇಳುವುದಿಲ್ಲ, ಅವರಿಗೆ ಗೊತ್ತೇ ಆಗಿರುವುದಿಲ್ಲ.

ನಡೆದ ಜಾಗ ಯಾಕೆ ಮುಖ್ಯ? ದನ ಮೇಯುವ, ಕಾಡುಮೃಗ ಓಡಾಡುವ ಹುಲ್ಲುಗಾವಲಿನಲ್ಲಿ ಗಟ್ಟಿ ಬೆನ್ನಿನ ಉಣ್ಣಿಗಳಿರುತ್ತವೆ. ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಕಡೆ ಆಂಬ್ಲಿಯೊಮ್ಮ ಹೆಬ್ರೇಯಮ್, ಪಶ್ಚಿಮ, ಮಧ್ಯ ಮತ್ತು ಪೂರ್ವ ಆಫ್ರಿಕಾದಲ್ಲಿ ಆಂಬ್ಲಿಯೊಮ್ಮ ವೇರಿಯೆಗೇಟಮ್. ಬೆನ್ನ ಮೇಲೆ ಬಣ್ಣದ ಚಿತ್ತಾರವಿರುವ, ದನಗಳಿಗೆ ಅಂಟುವ ಉಣ್ಣಿ ಅದು. ಇವು ಹುಲ್ಲಿನ ತುದಿಯಲ್ಲಿ ಕಾದು ಕೂರುವುದಷ್ಟೇ ಅಲ್ಲ, ಮನುಷ್ಯನ ಸುಳಿವು ಹತ್ತಿದರೆ ನೆಲದ ಮೇಲೆ ಅವನತ್ತ ನಡೆದು ಬರುತ್ತವೆ. ಒಬ್ಬನಿಗೆ ಒಂದೇ ಹೊತ್ತಿನಲ್ಲಿ ಹಲವು ಕಚ್ಚುವುದುಂಟು. ಇವುಗಳಲ್ಲಿರುವ ರಿಕೆಟ್ಸಿಯಾ ಆಫ್ರಿಕೇ ಎಂಬ ಬ್ಯಾಕ್ಟೀರಿಯಾದಿಂದ ಆಫ್ರಿಕನ್ ಟಿಕ್ ಬೈಟ್ ಜ್ವರ ಬರುತ್ತದೆ. ನಾಯಿಯ ಕಂದು ಉಣ್ಣಿಯಿಂದ ಇನ್ನೊಂದು ಜ್ವರ, ರಿಕೆಟ್ಸಿಯಾ ಕೊನೊರಿ ಎಂಬುದರಿಂದ. ಅದನ್ನು 1910ರಲ್ಲಿ ಟ್ಯುನಿಸ್‌ನಲ್ಲಿ ಮೊದಲು ವಿವರಿಸಿದರು. ಇದರ ಬಂಧು ನಮ್ಮ ಭಾರತದಲ್ಲೂ ಇದೆ. ನಮ್ಮ ವೈದ್ಯರು ಅದನ್ನು ಇಂಡಿಯನ್ ಟಿಕ್ ಟೈಫಸ್ ಎಂದು ಓದಿರುತ್ತಾರೆ.

ಮಲಗಿದ ಜಾಗದ ಉಣ್ಣಿಯೇ ಬೇರೆ. ನನ್ನ ಅಕ್ಕನ ಮಗ ಟಾಂಜಾನಿಯಾದ ಡೊಡೊಮಾ ಕಡೆ ಬೋರ್‌ವೆಲ್ ಕೊರೆಯುತ್ತಾನೆ. ಅಲ್ಲಿನ ಹಳ್ಳಿಗಳಲ್ಲಿ ತೆಂಬೆ ಎಂಬ ಹಳೆಯ ಮಾದರಿಯ ಮನೆಗಳಿವೆ: ಕಂಬಗಳ ನಡುವೆ ಮೆತ್ತಿದ ಮಣ್ಣಿನ ಗೋಡೆ, ಮಣ್ಣಿನ ನೆಲ, ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ವಿಜಯಪುರ ಕಡೆಯ ನಮ್ಮ ಹಳೆಯ ಮನೆಗಳನ್ನು ಕಂಡವನಿಗೆ ಅಲ್ಲಿ ಹೊರಗಿನವನೆನಿಸಲಿಲ್ಲವಂತೆ. ಒಂದು ಸಂಜೆ ವಿಡಿಯೊ ಕರೆಯಲ್ಲಿ ಅವನ ಮಂಚವನ್ನು ಸರಿಸಲು ಹೇಳಿದೆ. ಟಾರ್ಚ್ ಹಿಡಿದು ಗೋಡೆಯೂ ನೆಲವೂ ಕೂಡುವ ಮೂಲೆಯ ಬಿರುಕನ್ನು ಒಂದು ಕಡ್ಡಿಯಿಂದ ಕೆದಕಿದ. ಸಣ್ಣ ಧೂಳಿನೊಡನೆ ಬೂದುಕಂದು ಬಣ್ಣದ ಎರಡು ಹುಳುಗಳು ಹೊರಬಿದ್ದವು. ಚರ್ಮದಂತೆ ಸುಕ್ಕುಗಟ್ಟಿದ ಚಪ್ಪಟೆ ಮೈ, ಮೇಲಿನಿಂದ ನೋಡಿದರೆ ತಲೆಯೇ ಕಾಣದು. ಬೆಳಕು ಬಿದ್ದೊಡನೆ ಕಾಲು ಮಡಚಿಕೊಂಡು ಮಣ್ಣಿನ ಹರಳಂತೆ ಸುಮ್ಮನಾದವು. "ಚಿಕ್ಕಮ್ಮ, ಇವು ಜೀವಂತ ಇವೆಯೇ?" ಎಂದು ಕೇಳಿದ. ಇದ್ದವು. ಇವು ತಿನ್ನದೆ ವರ್ಷಗಟ್ಟಲೆ ಬದುಕಬಲ್ಲವು.

ಇದೇ ಒರ್ನಿಥೊಡೊರಸ್ ಮೌಬಾಟಾ, ಮೆತ್ತನೆ ಮೈಯ ಉಣ್ಣಿ. ಸ್ವಾಹಿಲಿಯಲ್ಲಿ ಇದನ್ನು ಪಪಾಸಿ ಎನ್ನುತ್ತಾರೆ, ಹುಲ್ಲಿನ ಗಟ್ಟಿ ಉಣ್ಣಿಯನ್ನು ಕುಪೆ ಎನ್ನುತ್ತಾರೆ. ಪಪಾಸಿ ರಾತ್ರಿ ಬಿರುಕಿನಿಂದ ಹೊರಬಂದು, ಮಲಗಿದವನ ರಕ್ತವನ್ನು ಅರ್ಧ ಗಂಟೆಯೊಳಗೆ ಕುಡಿದು ಮತ್ತೆ ಬಿರುಕು ಸೇರುತ್ತದೆ. ನೋವೇ ಆಗುವುದಿಲ್ಲ. ಬೆಳಗ್ಗೆ ಮೈಮೇಲೆ ಉಣ್ಣಿ ಇರುವುದಿಲ್ಲ, ಹಾಗಾಗಿ ಕಚ್ಚಿದ್ದು ನೆನಪಿನಲ್ಲೂ ಉಳಿಯುವುದಿಲ್ಲ. ಇದರಿಂದ ಬರುವುದು ಮರುಕಳಿಸುವ ಜ್ವರ, ಕಾರಣ ಬೊರೇಲಿಯಾ ಡುಟೋನಿ ಎಂಬ ಸುರುಳಿ ಬ್ಯಾಕ್ಟೀರಿಯಾ. ಆ ಹೆಸರು ಬ್ರಿಟಿಷ್ ವೈದ್ಯ ಜೋಸೆಫ್ ಎವರೆಟ್ ಡಟನ್ ಅವರದು. ಕಾಂಗೋದಲ್ಲಿ ಇದೇ ಕಾಯಿಲೆಯನ್ನು ಅಭ್ಯಾಸ ಮಾಡುತ್ತಿದ್ದವರು ಇದೇ ಜ್ವರದಿಂದ 1905ರಲ್ಲಿ ತೀರಿಕೊಂಡರು. ಆಗ ಅವರಿಗೆ 30 ವರ್ಷ. ಹೆಣ್ಣು ಉಣ್ಣಿ ತನ್ನ ಮೊಟ್ಟೆಗಳ ಮೂಲಕ ಮರಿಗಳಿಗೂ ಈ ಬ್ಯಾಕ್ಟೀರಿಯಾ ದಾಟಿಸುತ್ತದೆಂಬುದನ್ನು ಅದೇ ಕಾಲಕ್ಕೆ ಪೂರ್ವ ಆಫ್ರಿಕಾದಲ್ಲಿ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ತೋರಿಸಿದರು. ಒಂದು ಮನೆಗೆ ಪಪಾಸಿ ಹೊಕ್ಕರೆ ಆ ಮನೆಯ ಜ್ವರ ತಲೆಮಾರು ದಾಟುವುದು ಹೀಗೆ.

ಸೆನೆಗಲ್, ಮಾಲಿ, ಮಾರಿಟೇನಿಯಾ ಕಡೆಯ ಉಣ್ಣಿ ಬೇರೆ ಜಾತಿಯದು, ಒರ್ನಿಥೊಡೊರಸ್ ಸೊನ್ರೈ. ಅದು ಮನೆಯೊಳಗೆ ಬಾಯಿ ತೆರೆದಿರುವ ಇಲಿಯ ಬಿಲದಲ್ಲಿ ವಾಸಿಸುತ್ತದೆ. ಅಲ್ಲಿ ಬೊರೇಲಿಯಾ ಕ್ರೊಸಿಡುರೇ ಇಲಿಯಿಂದ ಉಣ್ಣಿಗೆ, ಉಣ್ಣಿಯಿಂದ ಮನುಷ್ಯನಿಗೆ ಬರುತ್ತದೆ. ಅಲ್ಲಿ ಕೆಲಸ ಮಾಡಿದವರನ್ನು ಕೇಳಬೇಕಾದ್ದು: ಮಲಗುವ ಕೋಣೆಯಲ್ಲಿ ಇಲಿಯ ಬಿಲ ಇತ್ತೇ?

ಮೈಯನ್ನು ಹುಡುಕುವುದು

ಇನ್ನು ನಾಚಿಕೆ ಬಿಟ್ಟು ಮೈ ನೋಡಬೇಕು. ಟಿಕ್ ಬೈಟ್ ಜ್ವರದಲ್ಲಿ ಕಚ್ಚಿದ ಜಾಗದಲ್ಲಿ ಕಪ್ಪು ಹೊಪ್ಪಳೆ ಏಳುತ್ತದೆ. ಊದುಬತ್ತಿಯ ತುದಿ ತಗುಲಿ ಸುಟ್ಟ ಹಾಗೆ ನಡುವೆ ಕಪ್ಪು ಒಣ ಚಕ್ಕೆ, ಸುತ್ತ ಕೆಂಪು ಉಂಗುರ. ಮುಟ್ಟಿದರೆ ಅಷ್ಟೇನೂ ನೋಯುವುದಿಲ್ಲ. ಅದಕ್ಕೇ ರೋಗಿ ಅದನ್ನು ಹೇಳುವುದೂ ಇಲ್ಲ, "ಏನೋ ಗುಳ್ಳೆ" ಎಂದು ಬಿಡುತ್ತಾನೆ.

ಉಣ್ಣಿಗೆ ಬೆಚ್ಚಗಿನ, ಮಡಿಕೆಯ, ಬಟ್ಟೆ ಬಿಗಿಯುವ ಜಾಗ ಇಷ್ಟ. ಮೊಣಕಾಲಿನ ಹಿಂದೆ, ತೊಡೆಯ ಸಂದು, ಕಂಕುಳು, ಸೊಂಟಪಟ್ಟಿಯ ಗೆರೆ, ಹೆಂಗಸರಲ್ಲಿ ಎದೆಯ ಕೆಳಗೆ, ಮಕ್ಕಳಲ್ಲಿ ಕೂದಲ ನಡುವೆ, ಕಿವಿಯ ಹಿಂದೆ. ಬೆಳಕಿನಲ್ಲಿ ನಿಲ್ಲಿಸಿ ಒಂದೊಂದಾಗಿ ನೋಡಿ. ತಾಯಿಗೆ ತೋರಿಸಲು ಮಗ ನಾಚಿದರೆ ಅಣ್ಣನೋ ಹೆಂಡತಿಯೋ ನೋಡಲಿ. ಕಪ್ಪು ಹೊಪ್ಪಳೆ ಒಂದಕ್ಕಿಂತ ಹೆಚ್ಚು ಕಂಡರೆ ಆಫ್ರಿಕನ್ ಟಿಕ್ ಬೈಟ್ ಜ್ವರದ ಅನುಮಾನ ಬಲವಾಗುತ್ತದೆ. ನಾಯಿ ಉಣ್ಣಿಯ ಜ್ವರದಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಆದರೆ ಮೈತುಂಬ ಕೆಂಪು ದದ್ದು ಏಳುತ್ತದೆ ಮತ್ತು ಅದು ಕೆಲವರಲ್ಲಿ ಬಹಳ ಉಲ್ಬಣಿಸುತ್ತದೆ. ಹೊಪ್ಪಳೆಯ ಹತ್ತಿರದ ಗಂಟು, ಅಂದರೆ ತೊಡೆಸಂದಿನದೋ ಕಂಕುಳಿನದೋ, ಊದಿ ನೋಯುತ್ತಿದೆಯೇ ಎಂದೂ ನೋಡಿ. ಕಚ್ಚಿ ಸುಮಾರು ಐದರಿಂದ ಏಳು ದಿನಕ್ಕೆ, ಕೆಲವರಲ್ಲಿ ಹತ್ತು ದಿನಕ್ಕೆ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತವೆ. ಕುತ್ತಿಗೆಯ ಸ್ನಾಯು ಹಿಡಿದುಕೊಂಡಿತೆಂದು ಹಲವರು ಹೇಳುತ್ತಾರೆ.

ಕಂಡ ಹೊಪ್ಪಳೆಯ ಫೋಟೊ ತೆಗೆದು ದಿನಾಂಕದೊಡನೆ ಇಟ್ಟುಕೊಳ್ಳಿ. ಚಿವುಟಬೇಡಿ, ಅರಿಶಿನ ಮೆತ್ತಬೇಡಿ. ಹೊಪ್ಪಳೆಯಿಂದ ಸ್ವಾಬ್ ತೆಗೆದು ಪಿಸಿಆರ್ ಪರೀಕ್ಷೆ ಮಾಡುವ ಸೌಲಭ್ಯವಿದ್ದರೆ ಖಚಿತ ಉತ್ತರ ಸಿಗುವುದು ಅಲ್ಲಿಂದಲೇ. ನಮ್ಮಲ್ಲಿ ಸುಲಭವಾಗಿ ಸಿಗುವ, ರಕ್ತದಲ್ಲಿ ಪ್ರತಿಕಾಯ ಹುಡುಕುವ ವೈಲ್-ಫೆಲಿಕ್ಸ್ ಪರೀಕ್ಷೆ ಮೊದಲ ವಾರದಲ್ಲಿ ನೆಗೆಟಿವ್ ಬಂದರೆ ಅದನ್ನು ನಂಬಿ ಕೂರಬೇಡಿ. ದೇಹ ಪ್ರತಿಕಾಯ ತಯಾರಿಸಲು ಹೊತ್ತು ಬೇಕು. ಅನುಮಾನ ಬಲವಾಗಿದ್ದರೆ ವೈದ್ಯರು ರಿಪೋರ್ಟ್‌ಗೆ ಕಾಯದೆ ಔಷಧ ಶುರುಮಾಡುತ್ತಾರೆ, ಹಾಗೆ ಮಾಡುವುದೇ ಸರಿ.

ಜ್ವರದ ತಾರೀಖು ಬರೆದಿಡಿ

ಮರುಕಳಿಸುವ ಜ್ವರದಲ್ಲಿ ಹೊಪ್ಪಳೆ ಇರುವುದಿಲ್ಲ. ಅದರ ಗುರುತು ಕ್ಯಾಲೆಂಡರಿನಲ್ಲಿ ಸಿಗುತ್ತದೆ. ಕಚ್ಚಿ ಸುಮಾರು ಒಂದು ವಾರಕ್ಕೆ ಚಳಿ ಬಂದು ಜೋರು ಜ್ವರ. ಮೂರು ದಿನದಷ್ಟು ಕಾಡಿ, ಕೊನೆಗೆ ಮೈ ನಡುಗಿ, ಹಾಸಿಗೆ ಒದ್ದೆಯಾಗುವಷ್ಟು ಬೆವರಿ ಇಳಿಯುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಸುಮಾರು ಏಳು ದಿನ ಏನೂ ಇಲ್ಲ, ಮತ್ತೆ ಅದೇ ಜ್ವರ. ಔಷಧ ಸಿಗದಿದ್ದರೆ ಹೀಗೆ ಹಲವು ಸುತ್ತು ನಡೆಯುತ್ತದೆ. ಬ್ಯಾಕ್ಟೀರಿಯಾ ತನ್ನ ಮೈಮೇಲಿನ ಪ್ರೋಟೀನನ್ನು ಬದಲಿಸಿಕೊಳ್ಳುತ್ತದೆ. ಹಳೆಯ ರೂಪವನ್ನು ಗುರುತು ಹಿಡಿದು ಕೊಂದ ದೇಹಕ್ಕೆ ಹೊಸ ರೂಪ ಹಿಡಿತಕ್ಕೆ ಬರಲು ಮತ್ತೆ ದಿನಗಳು ಬೇಕು.

ಮುಂಬಯಿಯಲ್ಲಿ ಇದಕ್ಕೆ ದಾರಿ ತಪ್ಪಿಸುವ ಸಂಗತಿಗಳು ಬಹಳ. ಜುಲೈಯಿಂದ ಸೆಪ್ಟೆಂಬರ್ ತನಕ ಇಲ್ಲಿ ಜ್ವರವೆಂದರೆ ಡೆಂಗಿ, ಇಲಿಜ್ವರ ಇಲ್ಲವೇ ಮಲೇರಿಯಾ. ಮರುಕಳಿಸುವ ಜ್ವರದಲ್ಲೂ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ. ಡೆಂಗಿ ಎಂದು ಚೀಟಿಯಲ್ಲಿ ಬರೆಯುತ್ತಾರೆ, ಮೂರು ದಿನಕ್ಕೆ ಜ್ವರ ತಾನಾಗಿ ಇಳಿಯುತ್ತದೆ, ಗುಣವಾಯಿತೆಂದು ಮನೆಗೆ ಕಳಿಸುತ್ತಾರೆ. ಎರಡನೆಯ ಸುತ್ತಿಗೆ ಬೇರೆ ವೈದ್ಯರ ಬಳಿ ಹೋದರೆ ಮೊದಲಿನ ಸುತ್ತು ಅವರಿಗೆ ತಿಳಿಯುವುದೇ ಇಲ್ಲ. ಒಂದು ಹಾಳೆಯ ಮೇಲೆ ಜ್ವರ ಬಂದ ತಾರೀಖು, ಬಿಟ್ಟ ತಾರೀಖು, ಥರ್ಮಾಮೀಟರಿನ ಅಂಕಿ ಬರೆದಿಟ್ಟರೆ ಆ ಹಾಳೆಯೇ ರೋಗ ಪತ್ತೆಗೆ ಅರ್ಧ ದಾರಿ.

ಈಗ ಸ್ಲೈಡಿನ ಮಾತು. ಈ ಕಾಯಿಲೆಗೆ ರಕ್ತ ಕೊಡಬೇಕಾದ್ದು ಜ್ವರ ಏರಿರುವಾಗ. ಜ್ವರ ಬಿಟ್ಟ ದಿನಗಳಲ್ಲಿ ಬೊರೇಲಿಯಾ ರಕ್ತದಲ್ಲಿ ಕಣ್ಣಿಗೆ ಬೀಳುವಷ್ಟು ಇರುವುದಿಲ್ಲ. "ಜ್ವರ ಇಳಿದ ಮೇಲೆ ಆರಾಮವಾಗಿ ಹೋಗಿ ಕೊಡುತ್ತೇವೆ" ಎನ್ನುವವರಿಗೆ ನಾನು ಪ್ರತಿ ಸಲ ಬೇಡವೆನ್ನುತ್ತೇನೆ. ಚಳಿಯಲ್ಲಿ ನಡುಗುತ್ತಿದ್ದರೂ ರಿಕ್ಷಾ ಮಾಡಿಕೊಂಡು ಹೋಗಿ, ಇಲ್ಲವೇ ಮನೆಗೆ ಬಂದು ರಕ್ತ ತೆಗೆಯುವವರನ್ನು ಕರೆಸಿ.

ಮಲೇರಿಯಾಗೆ ಹಾಕುವ ಗೀಮ್ಸಾ ಬಣ್ಣವೇ ಇದಕ್ಕೂ ಸಾಕು. ಸ್ಲೈಡಿನ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು ನೂರರ ಲೆನ್ಸ್ ಇಳಿಸಿ ಒಂದೊಂದೇ ನೋಟವನ್ನು ಸರಿಸುತ್ತ ಹೋಗಬೇಕು. ದಪ್ಪ ಸ್ಮಿಯರಿನಲ್ಲಿ ಕೆಂಪುಕಣ ಕರಗಿಹೋಗಿ ಹಿನ್ನೆಲೆ ಮಸುಕಾಗಿರುತ್ತದೆ, ಅಲ್ಲಲ್ಲಿ ಬಿಳಿಕಣಗಳ ಗಾಢ ನೇರಳೆ ಬೀಜಗಳು. ಅವುಗಳ ನಡುವೆ ತೀರ ತೆಳುವಾದ, ಸಣ್ಣ ಸಣ್ಣ ಬಳುಕುಗಳಿರುವ ನೇರಳೆ ಎಳೆ. ಉದ್ದ ಒಂದು ಕೆಂಪುಕಣದ ಎರಡು ಮೂರರಷ್ಟು. ಒಂದು ನೋಟದಲ್ಲಿ ಕಂಡದ್ದು ಮುಂದಿನ ಐವತ್ತು ನೋಟಗಳಲ್ಲಿ ಕಾಣದೇ ಇರಬಹುದು. ಅವಸರದಲ್ಲಿ ನೋಡುವವರು ಅದನ್ನು ಬಣ್ಣದ ಕಸವೆಂದೋ, ಹತ್ತಿಯ ನಾರೆಂದೋ ದಾಟಿಬಿಡುತ್ತಾರೆ. ಮಲೇರಿಯಾ ಪರಾವಲಂಬಿಯ ಉಂಗುರ ಹುಡುಕುವ ಕಣ್ಣಿಗೆ ಎಳೆ ಬೀಳಬೇಕಾದರೆ ಯಾರಾದರೂ ಮೊದಲೇ ಹೇಳಿರಬೇಕು. ಆದ್ದರಿಂದ ಲ್ಯಾಬಿನ ಅರ್ಜಿಯಲ್ಲಿ ವೈದ್ಯರಿಂದ ಒಂದು ಸಾಲು ಬರೆಸಿ: "ಆಫ್ರಿಕಾದಿಂದ ಬಂದವರು, ಮಲೇರಿಯಾ ಜೊತೆ ಬೊರೇಲಿಯಾ ಕೂಡ ನೋಡಿ." ಸ್ಲೈಡ್ ಮುಂದೆ ಕೂತವರಿಗೆ ಆ ಒಂದು ಸಾಲು ಎಷ್ಟು ನೆರವಾಗುತ್ತದೆಂದು ನಾನು ಬಲ್ಲೆ.

ವೈದ್ಯರ ಮುಂದೆ

ಕ್ಯೂ ಉದ್ದವಿರುತ್ತದೆ, ವೈದ್ಯರಿಗೆ ಹೊತ್ತಿರುವುದಿಲ್ಲ. ಕೂತೊಡನೆ ಮೊದಲ ವಾಕ್ಯದಲ್ಲೇ ಪ್ರಯಾಣ ಹೇಳಿ. ಯಾವ ದೇಶ, ಯಾವ ಪ್ರದೇಶ, ಹಳ್ಳಿಯೋ ಪಟ್ಟಣವೋ, ಮಣ್ಣಿನ ಮನೆಯಲ್ಲಿ ಮಲಗಿದ್ದುಂಟೇ, ಹುಲ್ಲುಗಾವಲಿನಲ್ಲಿ ಓಡಾಡಿದ್ದುಂಟೇ, ಯಾವ ದಿನ ಹಿಂತಿರುಗಿದ್ದು, ಮಲೇರಿಯಾ ತಡೆಯುವ ಮಾತ್ರೆ ನುಂಗುತ್ತಿದ್ದನೇ. ಹತ್ತಿರದವರಿಗೆ ಗೊತ್ತಾಗದಿದ್ದರೆ ಸಾಂಕ್ರಾಮಿಕ ರೋಗಗಳ ತಜ್ಞರ ಬಳಿ ಹೋಗಿ. ಮುಂಬಯಿಯಲ್ಲಿ ಮಹಾನಗರಪಾಲಿಕೆಯ ಕಸ್ತೂರ್ಬಾ ಆಸ್ಪತ್ರೆ, ಪುಣೆಯಲ್ಲಿ ನಾಯ್ಡು ಆಸ್ಪತ್ರೆ ಇಂಥ ಕಾಯಿಲೆಗಳಿಗೆಂದೇ ಇವೆ.

"ಉಣ್ಣಿ" ಎಂದ ಕೂಡಲೇ ನಮ್ಮ ಶಿವಮೊಗ್ಗ, ಉತ್ತರ ಕನ್ನಡದ ಕಡೆಯವರಿಗೆ ಮಂಗನ ಕಾಯಿಲೆಯ ನೆನಪಾಗಿ ಎದೆ ಹಾರುತ್ತದೆ. 1957ರಲ್ಲಿ ಕ್ಯಾಸನೂರಿನಲ್ಲಿ ಕಂಡ ಆ ಕಾಯಿಲೆ 2015ರಿಂದ ಗೋವಾದ ಸತ್ತರಿ ತಾಲೂಕಿಗೂ ಬಂದಿದೆ. ಆದರೆ ಅದು ವೈರಸ್‌ನಿಂದ ಬರುವುದು, ಅದಕ್ಕೆ ನಾನು ಮುಂದೆ ಹೇಳುವ ಔಷಧ ನಾಟುವುದಿಲ್ಲ. ಆಫ್ರಿಕಾದ ಈ ಜ್ವರಗಳು ಬ್ಯಾಕ್ಟೀರಿಯಾದವು. ರಿಕೆಟ್ಸಿಯಾ ಆಫ್ರಿಕೇ ಜ್ವರದಿಂದ ಸತ್ತವರ ದಾಖಲೆಯೇ ಇಲ್ಲ ಎನ್ನುವಷ್ಟು ಅದು ಸೌಮ್ಯ. ರೋಗಿಯನ್ನು ಮುಟ್ಟುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಇವು ಹರಡುವುದಿಲ್ಲ. ಮಗನನ್ನು ಬೇರೆ ಕೋಣೆಯಲ್ಲಿ ಕೂಡಿಹಾಕಬೇಡಿ.

ಔಷಧ ಡಾಕ್ಸಿಸೈಕ್ಲಿನ್. ಮುಂಬಯಿಯವರಿಗೆ ಇದು ಗೊತ್ತು: ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದವರಿಗೆ ಇಲಿಜ್ವರ ಬಾರದಿರಲಿ ಎಂದು ಪಾಲಿಕೆಯವರು ಕೊಡುವ ಮಾತ್ರೆ. ವಯಸ್ಕರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂ ದಿನಕ್ಕೆರಡು ಸಲ, ಟಿಕ್ ಬೈಟ್ ಜ್ವರಕ್ಕೆ ಐದರಿಂದ ಏಳು ದಿನ, ಮರುಕಳಿಸುವ ಜ್ವರಕ್ಕೆ ಏಳರಿಂದ ಹತ್ತು ದಿನ. ಬರೆಯಬೇಕಾದವರು ವೈದ್ಯರೇ. ಅಂಗಡಿಯವರು ಕೊಡುವ ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಮಾತ್ರೆಗಳು ರಿಕೆಟ್ಸಿಯಾ ಮೇಲೆ ಕೆಲಸ ಮಾಡುವುದಿಲ್ಲ, ಏಕೆಂದರೆ ಅದು ನಮ್ಮ ಜೀವಕೋಶದ ಒಳಗೇ ಅಡಗಿ ಬೆಳೆಯುತ್ತದೆ. ಡಾಕ್ಸಿಸೈಕ್ಲಿನ್ ನುಂಗುವಾಗ ದೊಡ್ಡ ಲೋಟ ನೀರು ಕುಡಿದು ಅರ್ಧ ಗಂಟೆ ಕುಳಿತೇ ಇರಬೇಕು. ಮಲಗಿದರೆ ಅನ್ನನಾಳ ಸುಡುತ್ತದೆ. ಹಾಲು, ಆಸಿಡಿಟಿ ಔಷಧ, ಕಬ್ಬಿಣದ ಮಾತ್ರೆ ಇವುಗಳ ಜೊತೆ ಬೇಡ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ. ಗರ್ಭಿಣಿಯಾದರೆ ಮೊದಲೇ ಹೇಳಬೇಕು, ಬೇರೆ ಔಷಧವಿದೆ.

ಮರುಕಳಿಸುವ ಜ್ವರಕ್ಕೆ ಮಾತ್ರ ಮೊದಲ ಮಾತ್ರೆಯನ್ನು ಮನೆಯಲ್ಲಿ ಒಬ್ಬರೇ ಇದ್ದಾಗ ನುಂಗಬಾರದು. ಬ್ಯಾಕ್ಟೀರಿಯಾಗಳು ಒಮ್ಮೆಲೇ ಸತ್ತು ಒಡೆದಾಗ ಕೆಲವೇ ಗಂಟೆಗಳಲ್ಲಿ ಜೋರು ನಡುಕ, ಜ್ವರದ ಏರಿಕೆ, ಆಮೇಲೆ ರಕ್ತದೊತ್ತಡದ ಕುಸಿತ ಆಗಬಹುದು. ವೈದ್ಯರು ಇದನ್ನು ಯಾರಿಶ್-ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ ಎನ್ನುತ್ತಾರೆ. ಮಾತ್ರೆ ಒಗ್ಗಲಿಲ್ಲ ಎಂದುಕೊಂಡು ಬಿಟ್ಟುಬಿಟ್ಟರೆ ಕಾಯಿಲೆ ಉಳಿದೇ ಹೋಗುತ್ತದೆ. ಮೊದಲ ದಿನ ಆಸ್ಪತ್ರೆಯಲ್ಲಿ ಕಣ್ಣಳತೆಯಲ್ಲಿ ಇರಿಸುವುದು ಒಳ್ಳೆಯದು.

ಗೊಂದಲದ ಮಾತು, ಉಸಿರಾಟದ ಕಷ್ಟ, ಕಣ್ಣು ಹಳದಿ, ಕತ್ತು ಬಿಗಿತ, ಮುಖದ ಒಂದು ಬದಿ ಸೋಲುವುದು, ಮೂತ್ರ ಕಡಿಮೆಯಾಗುವುದು, ಎಲ್ಲಿಂದಲಾದರೂ ರಕ್ತ ಬರುವುದು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಆಫ್ರಿಕಾದಲ್ಲಿ ಉಣ್ಣಿಯಿಂದ ಕ್ರಿಮಿಯನ್-ಕಾಂಗೋ ರಕ್ತಸ್ರಾವ ಜ್ವರ ಎಂಬ ವೈರಸ್ ಕಾಯಿಲೆಯೂ ಬರುತ್ತದೆ, 2011ರಲ್ಲಿ ಗುಜರಾತಿನಲ್ಲೂ ಕಂಡಿತ್ತು. ರಕ್ತಸ್ರಾವ ಇದ್ದರೆ ಆಸ್ಪತ್ರೆಯ ಬಾಗಿಲಲ್ಲೇ ಉಣ್ಣಿಯ ಮಾತು ಹೇಳಿ. ಅದು ರೋಗಿಯ ರಕ್ತದಿಂದ ಹರಡುತ್ತದೆ.

ಮತ್ತೆ ಹೊರಡುವ ಮೊದಲು

ಹುಲ್ಲುಗಾವಲಿನ ಕೆಲಸಕ್ಕೆ ತಿಳಿಬಣ್ಣದ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದ ಒಳಗೆ. ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಪೂರ್ತಿ ಒಣಗಿಸಿ ತೊಡಬೇಕು, ಮೈಗೆ ಹಚ್ಚಬಾರದು. ಮೈಗೆ ಹುಳುಗಳನ್ನು ದೂರವಿಡುವ ಡೀಟ್ ಇರುವ ಮುಲಾಮು, ಶೇಕಡಾ 20ರಿಂದ 30ರಷ್ಟಿರುವುದು. ಸಂಜೆ ಸ್ನಾನದ ಹೊತ್ತಿಗೆ ಮೇಲೆ ಹೇಳಿದ ಜಾಗಗಳನ್ನೆಲ್ಲ ನೋಡಿಕೊಳ್ಳಬೇಕು.

ಉಣ್ಣಿ ಅಂಟಿದ್ದು ಕಂಡರೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಚೂಪು ತುದಿಯ ಚಿಮಟದಿಂದ ಅದರ ಹೊಟ್ಟೆಯನ್ನು ಹಿಡಿಯದೆ, ಚರ್ಮಕ್ಕೆ ತಾಗಿದಂತೆ ಬಾಯಿಯ ಬುಡವನ್ನು ಹಿಡಿದು, ತಿರುಚದೆ, ಒಂದೇ ಸಮನೆ ನೇರ ಎಳೆಯಬೇಕು. ಆಂಬ್ಲಿಯೊಮ್ಮಕ್ಕೆ ಬಾಯಿ ಉದ್ದ, ಬೇಗ ಬಿಡುವುದಿಲ್ಲ. ತಾಳ್ಮೆಯಿಂದ ಎಳೆದರೆ ಬರುತ್ತದೆ. ಬರಿಗೈಯಲ್ಲಿ ಹಿಸುಕಬೇಡಿ. ಸೋಪಿನಿಂದ ತೊಳೆದು, ಆ ದಿನಾಂಕವನ್ನು ಮೊಬೈಲಿನಲ್ಲಿ ಬರೆದಿಡಿ.

ಮಲಗುವ ಜಾಗಕ್ಕೆ ಸಾಧ್ಯವಾದರೆ ಸಿಮೆಂಟ್ ನೆಲದ ಕೋಣೆಯನ್ನೇ ಕೇಳಿ. ಇಲ್ಲದಿದ್ದರೆ ನೆಲದ ಮೇಲೆ ಚಾಪೆ ಹಾಸಿ ಮಲಗಬೇಡಿ. ಮಂಚವನ್ನು ಗೋಡೆಯಿಂದ ದೂರ ಎಳೆದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ, ಹೊದಿಕೆ ನೆಲಕ್ಕೆ ಜೋಲದಂತೆ ನೋಡಿಕೊಳ್ಳಿ. ಗೋಡೆ ನೆಲದ ಬಿರುಕಿಗೆ, ಇಲಿಯ ಬಿಲದ ಬಾಯಿಗೆ ಸಿಮೆಂಟ್ ಮೆತ್ತಿಸಿ. ನನ್ನ ಅಕ್ಕನ ಮಗ ಬೋರ್‌ವೆಲ್ ಕಟ್ಟೆಗೆ ತಂದ ಸಿಮೆಂಟಿನಲ್ಲಿ ಉಳಿದದ್ದನ್ನು ಕೇಳಿ ಪಡೆದು ತನ್ನ ಕೋಣೆಗೂ ಅಡುಗೆಯವಳ ಮನೆಯ ಮೂಲೆಗಳಿಗೂ ಹಾಕಿಸಿದ.

ಅಡುಗೆಯವಳ ಮನೆಯ ಮಾತನ್ನು ನಾನು ಬೇಕೆಂದೇ ಬರೆದೆ. ನಮ್ಮ ಹುಡುಗರು ಆರು ತಿಂಗಳಿದ್ದು ವಿಮಾನ ಹತ್ತಿ ಬರುತ್ತಾರೆ. ಆ ಬಿರುಕುಗಳ ಪಕ್ಕದಲ್ಲಿ ಹುಟ್ಟಿ ಮಲಗಿ ಬೆಳೆಯುವವರು ಅಲ್ಲಿಯ ಮಕ್ಕಳು. ಸೆನೆಗಲ್‌ನ ಡಿಯೆಲ್ಮೊ ಎಂಬ ಪುಟ್ಟ ಹಳ್ಳಿಯಲ್ಲಿ 1990ರಿಂದ ಜ್ವರ ಬಂದವರೆಲ್ಲರ ರಕ್ತದ ಸ್ಲೈಡ್ ನೋಡುತ್ತ ಬಂದರು. 2006ರಲ್ಲಿ ಪ್ರಕಟವಾದ 14 ವರ್ಷಗಳ ಲೆಕ್ಕದಲ್ಲಿ ಬೊರೇಲಿಯಾ ಜ್ವರ ನೂರು ಜನರಿಗೆ ವರ್ಷಕ್ಕೆ ಸರಾಸರಿ 11. ನೋಡಿದ್ದರಿಂದ ಕಂಡಿತು. ನೋಡದ ಹಳ್ಳಿಗಳಲ್ಲಿ ಅದೇ ಜ್ವರಕ್ಕೆ ಮಲೇರಿಯಾ ಮಾತ್ರೆ ಮತ್ತೆ ಮತ್ತೆ ಕೊಡುತ್ತಾರೆ. ರ‍್ಯಾಪಿಡ್ ಪಟ್ಟಿ ಬಂದ ಮೇಲೆ ಮಲೇರಿಯಾ ಪತ್ತೆ ಸುಲಭವಾಯಿತು ನಿಜ, ಆದರೆ ಸೂಕ್ಷ್ಮದರ್ಶಕ ಮೂಲೆಗೆ ಸೇರಿದಲ್ಲೆಲ್ಲ ಬೊರೇಲಿಯಾ ಕಣ್ಮರೆಯಾಯಿತು. ಇನ್ನೂ ಒಂದು ತೊಡಕು: ಅಲ್ಲಿನ ಹಲವರ ರಕ್ತದಲ್ಲಿ ಜ್ವರ ತಾರದ ಮಲೇರಿಯಾ ಪರಾವಲಂಬಿ ಇದ್ದೇ ಇರುತ್ತದೆ. ಮಲೇರಿಯಾ ಪಾಸಿಟಿವ್ ಬಂದ ಮಾತ್ರಕ್ಕೆ ಈಗಿನ ಜ್ವರ ಅದರದೇ ಎನ್ನಲಾಗದು.

ಹಾಗಾಗಿ ಹೊರಡುವವರಿಗೆ ನನ್ನದೊಂದು ಕೋರಿಕೆ. ನಿಮ್ಮ ಕೆಲಸದ ಜಾಗದ ಚಾಲಕ, ಕಾವಲುಗಾರ, ಅಡುಗೆಯವರು ವಾರ ಬಿಟ್ಟು ವಾರ ಜ್ವರವೆಂದು ಮಲಗಿದರೆ ಅವರಿಗೂ ತಾರೀಖಿನ ಹಾಳೆ ಬರೆದುಕೊಡಿ. ಜ್ವರ ಏರಿರುವಾಗಲೇ ನಿಮ್ಮ ಜೀಪಿನಲ್ಲಿ ಸ್ಲೈಡ್ ನೋಡುವ ಆಸ್ಪತ್ರೆಗೆ ಕರೆದೊಯ್ಯಿರಿ. ಟಾಂಜಾನಿಯಾದಲ್ಲಾದರೆ "ಪಪಾಸಿ" ಎಂದು ಹೇಳಿದರೆ ಅಲ್ಲಿನ ಹಿರಿಯ ದಾದಿಯರಿಗೆ ಅರ್ಥವಾಗುತ್ತದೆ. ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಒಂದು ದಿನವೂ ತಡಮಾಡಬೇಡಿ. ಈ ಮರುಕಳಿಸುವ ಜ್ವರದಲ್ಲಿ ಹೊಟ್ಟೆಯಲ್ಲಿನ ಮಗು ಸಾಯುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚು. ಅವಳಿಗೆ ಡಾಕ್ಸಿಸೈಕ್ಲಿನ್ ಬದಲು ಎರಿತ್ರೋಮೈಸಿನ್ ಕೊಡುತ್ತಾರೆ. ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ.